ವಿದೇಶದಲ್ಲಿರುವ ಬಂಧುವಿಗೆ ಮಗುವನ್ನು ದತ್ತು ಕೊಡುವ ಮುನ್ನ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮ್ಮನ್ನು ಪೋಷಕರು ಆಗಾಗ ಕೇಳುವುದುಂಟು: “ಮಗುವಿನ ಸೋದರಮಾವ ವಿದೇಶದಲ್ಲಿದ್ದಾರೆ, ಅವರಿಗೆ ಮಕ್ಕಳಿಲ್ಲ. ನಮ್ಮ ಕಿರಿಯವನನ್ನು ದತ್ತು ಕೊಡಬಹುದೇ?” ಕೊಡಬಹುದು. ಆದರೆ ಮನೆಯವರ ಒಪ್ಪಿಗೆಯೊಂದೇ ಸಾಲದು.

ಕಾನೂನಿನ ಚೌಕಟ್ಟು

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ‘ಬಂಧು’ ಎಂದರೆ ತಂದೆಯ ಅಥವಾ ತಾಯಿಯ ಸಹೋದರ, ಸಹೋದರಿಯರು ಮತ್ತು ಎರಡೂ ಕಡೆಯ ಅಜ್ಜ-ಅಜ್ಜಿಯರು ಮಾತ್ರ. ದೂರದ ನೆಂಟರು ಈ ಪಟ್ಟಿಗೆ ಸೇರುವುದಿಲ್ಲ. ದತ್ತು ವ್ಯವಹಾರದ ಉನ್ನತ ಸಂಸ್ಥೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ‘ಕಾರಾ’. ಅಂತರದೇಶೀಯ ದತ್ತಿನ ಕುರಿತಾದ 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಅನುಮೋದಿಸಿದೆ.

ಜಿಲ್ಲಾ ಮ್ಯಾಜಿಸ್ಟ್ರೇಟರ ಸಿಂಧುವಾದ ಆದೇಶವಿಲ್ಲದೆ ಮಗುವನ್ನು ದತ್ತಿಗೆಂದು ಹೊರದೇಶಕ್ಕೆ ಕಳುಹಿಸುವುದು ಅಪರಾಧ. ಅದಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ನೋಂದಾಯಿತ ದತ್ತಕ ಪತ್ರವೊಂದೇ ಮಗುವನ್ನು ವಿದೇಶಕ್ಕೆ ಕರೆದೊಯ್ಯಲು ಸಾಲದು; ಕಾರಾದ ನಿರಾಕ್ಷೇಪಣಾ ಪತ್ರವೂ ಬೇಕು.

ಕಾಗದಪತ್ರಗಳ ದಾರಿ

ಮೊದಲ ಹೆಜ್ಜೆ ಇಡಬೇಕಾದವರು ದತ್ತು ಪಡೆಯುವವರು. ಅವರು ತಾವಿರುವ ದೇಶದ ಅಧಿಕೃತ ದತ್ತು ಸಂಸ್ಥೆಯನ್ನೋ ಅಲ್ಲಿನ ಕೇಂದ್ರ ಪ್ರಾಧಿಕಾರವನ್ನೋ ಸಂಪರ್ಕಿಸಬೇಕು. ಅವೆರಡೂ ಇಲ್ಲದ ದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ ಭಾರತದ ರಾಯಭಾರ ಕಚೇರಿಯೇ ಆಸರೆ. ಅವರ ಆದಾಯ, ಆರೋಗ್ಯ, ಮನೆಯ ವಾತಾವರಣಗಳನ್ನು ಪರಿಶೀಲಿಸಿದ ‘ಗೃಹ ಅಧ್ಯಯನ ವರದಿ’ ಅಲ್ಲಿ ಸಿದ್ಧವಾಗುತ್ತದೆ. ಇಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಮಗುವಿನ ಕುಟುಂಬದ ಹಿನ್ನೆಲೆ ವರದಿಯನ್ನು ಬರೆಯುತ್ತದೆ. ಹೆತ್ತವರ ಲಿಖಿತ ಸಮ್ಮತಿ ಬೇಕು. ಐದು ವರ್ಷ ತುಂಬಿದ ಮಗುವಿನ ಸಮ್ಮತಿಯೂ ಬೇಕು.

2022ರ ಸೆಪ್ಟೆಂಬರಿನಿಂದ ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟರದ್ದಾಗಿದೆ. ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ; ಅರ್ಜಿಯನ್ನು ಎರಡು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂಬುದು ಕಾಯ್ದೆಯ ವಿಧಿ. ಆದೇಶದ ಬಳಿಕ ಕಾರಾ ನಿರಾಕ್ಷೇಪಣಾ ಪತ್ರ ನೀಡುತ್ತದೆ.

ನಮ್ಮವರು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಶಾಲಾ ದಾಖಲೆ ಕನ್ನಡದಲ್ಲಿರುತ್ತದೆ, ಜನನ ಪ್ರಮಾಣಪತ್ರ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಇರುತ್ತದೆ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಮನೆತನದ ಹೆಸರು. ಅರ್ಜಿ ಸಲ್ಲಿಸುವ ಮೊದಲೇ ಇವನ್ನೆಲ್ಲ ಸರಿಹೊಂದಿಸಿಕೊಳ್ಳಿ, ಅನುವಾದಗಳನ್ನು ದೃಢೀಕರಿಸಿಟ್ಟುಕೊಳ್ಳಿ.

ತರಬೇತಿ ಏಕೆ?

ದತ್ತು ಪಡೆಯುವವರು ಅರ್ಹರೆಂದೂ ಅಗತ್ಯ ಆಪ್ತಸಲಹೆ ಪಡೆದಿದ್ದಾರೆಂದೂ ಸ್ವೀಕರಿಸುವ ದೇಶವು ಖಚಿತಪಡಿಸಬೇಕೆನ್ನುತ್ತದೆ ಹೇಗ್ ಒಡಂಬಡಿಕೆ. ಅಮೆರಿಕದಲ್ಲಿ ಕನಿಷ್ಠ ಹತ್ತು ಗಂಟೆಗಳ ತರಬೇತಿ ಕಡ್ಡಾಯ. “ನಮ್ಮ ರಕ್ತವೇ ತಾನೇ, ತರಬೇತಿ ಏಕೆ?” ಎಂದು ಬಂಧುಗಳು ಕೇಳುವುದುಂಟು. ರಜೆಯಲ್ಲಿ ಮಿಠಾಯಿ ತರುವ ಮಾವ ಬೇರೆ, ದಿನವೂ ಅಪ್ಪನಾಗಿರಬೇಕಾದ ಮಾವ ಬೇರೆ. ಹೆತ್ತವರನ್ನು ಅಗಲಿದ ಮಗು ಮೌನವಾಗಬಹುದು, ಹಟ ಮಾಡಬಹುದು, ರಾತ್ರಿ ಎದ್ದು ಅಳಬಹುದು. ಅದನ್ನು ಕೃತಘ್ನತೆಯೆಂದು ಭಾವಿಸದೆ ದುಃಖವೆಂದು ಅರಿಯುವುದೇ ಆ ತರಬೇತಿಯ ಸಾರ.

ಮಗುವಿನ ಮಾತು

ಮಗುವಿನ ಸಮ್ಮತಿಯನ್ನು ಅದರ ಮನೆಮಾತಿನಲ್ಲೇ ಕೇಳುವಂತೆ ಅಧಿಕಾರಿಗಳಲ್ಲಿ ವಿನಂತಿಸಿರಿ. ಅರ್ಥವಾಗದ ಭಾಷೆಯ ಪ್ರಶ್ನೆಗೆ ಮಗು ತಲೆಯಾಡಿಸಿದರೆ ಅದು ಸಮ್ಮತಿಯಲ್ಲ. “ಪ್ರವಾಸಕ್ಕೆ ಹೋಗುತ್ತಿದ್ದೀಯೆ” ಎಂಬ ಸುಳ್ಳಂತೂ ಸಲ್ಲದು.

ನಿರಾಕ್ಷೇಪಣಾ ಪತ್ರ ದೊರೆತ ಮೇಲೆ ಮಗುವನ್ನು ಕರೆದೊಯ್ಯುವವರು, ಅದು ಹೆತ್ತವರೊಡನೆಯೂ ಒಡಹುಟ್ಟಿದವರೊಡನೆಯೂ ಕಾಲಕಾಲಕ್ಕೆ ಸಂಪರ್ಕದಲ್ಲಿರಲು ಅನುವು ಮಾಡಿಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಸಂಪರ್ಕ ಉಳಿಯಬೇಕಾದರೆ ಭಾಷೆಯೂ ಉಳಿಯಬೇಕು. ಆದುದರಿಂದ ಮಗುವಿನ ಪೆಟ್ಟಿಗೆಯಲ್ಲಿ ಕನ್ನಡ ಪಠ್ಯಪುಸ್ತಕವನ್ನೂ ಇರಿಸಿರಿ. ಅಜ್ಜಿಗೆ ತಿಂಗಳಿಗೊಂದು ಕನ್ನಡ ಪತ್ರ ಬರೆಯಿಸುವಂತೆ ಮಾವನಿಂದ ಮಾತು ಪಡೆಯಿರಿ.

ಇಷ್ಟೆಲ್ಲ ತಿಳಿದ ಮೇಲೂ ಮನಸ್ಸು ಹಿಂಜರಿದರೆ, ಹಿಂಜರಿಯುವುದು ತಪ್ಪಲ್ಲ. ಬಡತನವೊಂದೇ ಕಾರಣವಾಗಿದ್ದರೆ, ವಿದ್ಯಾಭ್ಯಾಸದ ವೆಚ್ಚಕ್ಕೆ ನೆರವಾಗುವಂತೆ ಆ ಬಂಧುವನ್ನೇ ಮೊದಲು ಕೇಳಿ ನೋಡಿರಿ. ಮಗು ನಿಮ್ಮ ಮನೆಯಲ್ಲೇ ಇದ್ದು ನಮ್ಮ ಶಾಲೆಯಲ್ಲೇ ಓದಬಹುದು.