ಅಪ್‌ಡೇಟ್ ಆದ ಮೇಲೆ ಆ್ಯಪ್ ತೆರೆಯುತ್ತಿಲ್ಲವೇ? ಕಾರಣ ಲೈಬ್ರರಿ ಇರಬಹುದು

ಫೋನ್ ಅಪ್‌ಡೇಟ್ ಮಾಡಿದ ಮರುದಿನ, ನಿನ್ನೆವರೆಗೂ ಸರಿಯಿದ್ದ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. "ಹೊಸ ಫೋನ್ ಕೊಳ್ಳಲಿ ಅಂತಲೇ ಹೀಗೆ ಮಾಡ್ತಾರೆ" ಎಂಬ ಮಾತು ಗ್ರೂಪ್‌ಗಳಲ್ಲಿ ಶುರುವಾಗುತ್ತದೆ. ಅನುಮಾನ ಸಹಜ. ಆದರೆ ಎಷ್ಟೋ ಸಲ ನಿಜವಾದ ಕಾರಣ, ಆ ಆ್ಯಪ್ ನಂಬಿಕೊಂಡಿದ್ದ ಲೈಬ್ರರಿ ಬದಲಾಗಿರುವುದು.

ಲೈಬ್ರರಿ ಎಂದರೆ ಯಾರೋ ಮೊದಲೇ ಬರೆದಿಟ್ಟ, ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್. ಗೇಮ್, ವಿಡಿಯೋ ಪ್ಲೇಯರ್‌ಗಳಲ್ಲಿ ವೇಗ ಬೇಕಾದ ಭಾಗವನ್ನು ಹೆಚ್ಚಾಗಿ ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆಯುತ್ತಾರೆ. ಸಿ ಕೋಡ್ ಎಲ್ಲಿ ಬೇಕಾದರೂ ಓಡುತ್ತದೆ ಎನ್ನುವುದು ಅರ್ಧ ಸತ್ಯ. ಭಾಷೆ ಒಂದೇ, ಅದಕ್ಕೆ ಬೇಕಾದ ಲೈಬ್ರರಿಗಳು ಒಂದೇ ಅಲ್ಲ. ಆಂಡ್ರಾಯ್ಡ್ ಒಳಗಿರುವುದು ಲಿನಕ್ಸ್ ಕರ್ನಲ್ ನಿಜ, ಆದರೆ ಉಬುಂಟುವಿನಲ್ಲಿರುವ ಜಿಲಿಬ್‌ಸಿ ಅಲ್ಲಿಲ್ಲ. ಅದರ ಜಾಗದಲ್ಲಿ ಬಯಾನಿಕ್ ಎಂಬ ಬೇರೆ ಸಿ ಲೈಬ್ರರಿ ಇದೆ. ಹಾಗಾಗಿ ಉಬುಂಟು ಪ್ರೋಗ್ರಾಂ ಅನ್ನು ಫೋನಿಗೆ ಕಾಪಿ ಮಾಡಿದರೆ ಸಾಮಾನ್ಯವಾಗಿ ಶುರುವೇ ಆಗುವುದಿಲ್ಲ.

2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ಗೂಗಲ್, ಗುಪ್ತಲಿಪಿಯ ಕೆಲಸಕ್ಕಿದ್ದ ಓಪನ್‌ಎಸ್‌ಎಸ್‌ಎಲ್ ತೆಗೆದು ಬೋರಿಂಗ್‌ಎಸ್‌ಎಸ್‌ಎಲ್ ಹಾಕಿತು. ಫೋನಿನೊಳಗಿನ ಆ ಲೈಬ್ರರಿ ಆ್ಯಪ್‌ಗಳ ಬಳಕೆಗೆಂದು ಕೊಟ್ಟದ್ದೇ ಅಲ್ಲ. ಆದರೂ ಕೆಲವರು ಸದ್ದಿಲ್ಲದೆ ಬಳಸುತ್ತಿದ್ದರು, ಅವರ ಆ್ಯಪ್‌ಗಳು ಕುಸಿದವು. 2016ರ ಆಂಡ್ರಾಯ್ಡ್ 7ರಿಂದ ಇಂಥ ಒಳಗಿನ ಲೈಬ್ರರಿಗಳ ಬಾಗಿಲನ್ನೇ ಹಂತಹಂತವಾಗಿ ಮುಚ್ಚಲಾಯಿತು.

ಹಾಗಾದರೆ ಬೇಕಾದ ಲೈಬ್ರರಿಯನ್ನು ಆ್ಯಪ್ ಜೊತೆಗೇ ಕಟ್ಟಿಕೊಂಡು ಹೋಗಬಹುದಲ್ಲ? ಹೌದು, ಅದೇ ಸರಿಯಾದ ದಾರಿ. ಆ್ಯಪ್ ಗಾತ್ರ ಹಿಗ್ಗುತ್ತದೆ, ಅದು ಸಣ್ಣ ಮಾತು. ದೊಡ್ಡ ಮಾತು ರಿಪೇರಿಯದು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಪತ್ತೆಯಾಯಿತು. ಹೀಗೆ ಸ್ವಂತ ಪ್ರತಿ ಇಟ್ಟುಕೊಂಡ ಆ್ಯಪ್‌ನಲ್ಲಿ ದೋಷ ಸಿಕ್ಕರೆ, ಫೋನ್ ಅಪ್‌ಡೇಟ್ ಮಾಡಿ ಪ್ರಯೋಜನವಿಲ್ಲ, ಆ್ಯಪ್ ಮಾಡಿದವರೇ ಹೊಸದನ್ನು ಕೊಡಬೇಕು.

ನನಗೆ ಮೆಚ್ಚುಗೆಯಾದ ಉಪಾಯ ಎಸ್‌ಕ್ಯೂಲೈಟ್‌ನದು. ನಿಮ್ಮ ವಾಟ್ಸಾಪ್ ಚಾಟ್‌ಗಳು ಫೋನಿನಲ್ಲಿ ಕೂತಿರುವುದು ಇದರಲ್ಲೇ. ಅದರ ಸಿ ಕೋಡ್ ಬೇರೆ ಲೈಬ್ರರಿಗಳನ್ನು ಬಹಳ ಕಡಿಮೆ ಕೇಳುತ್ತದೆ. ಫೈಲ್ ತೆರೆಯುವಂಥ, ಒಂದೊಂದು ವ್ಯವಸ್ಥೆಯಲ್ಲೂ ಬೇರೆಯಾಗುವ ಕೆಲಸಗಳನ್ನು ಒಂದು ಪದರದಲ್ಲಿ ಪ್ರತ್ಯೇಕ ಇಟ್ಟಿದ್ದಾರೆ. ಹೊಸ ಕಡೆಗೆ ಒಯ್ಯುವಾಗ ಮುಖ್ಯವಾಗಿ ಆ ಪದರ ಬದಲಿಸಿದರೆ ಸಾಕು.

ನಿಮ್ಮ ಆ್ಯಪ್ ನಿಂತುಹೋಗಿದ್ದರೆ ಮೊದಲು ಪ್ಲೇ ಸ್ಟೋರ್‌ನಲ್ಲಿ ಅದರ ಅಪ್‌ಡೇಟ್ ಬಂದಿದೆಯೇ ನೋಡಿ. "ಹಳೇ ವರ್ಷನ್ ಇಲ್ಲಿದೆ" ಎಂದು ಫಾರ್ವರ್ಡ್ ಆಗಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ. ಅದರೊಳಗೆ ಯಾವ ಲೈಬ್ರರಿ ಸೇರಿಸಿದ್ದಾರೋ ನೋಡಿ ತಿಳಿಯುವ ದಾರಿ ನಿಮಗಿಲ್ಲ.