ಬಿಸಿ ರೊಟ್ಟಿ, ಆರಿದ ರೊಟ್ಟಿ

ಖಾನಾವಳಿ ಎಂಬುದು ಹುಟ್ಟಿನಿಂದ ಕನ್ನಡದ ಶಬ್ದವಲ್ಲ. ಮರಾಠಿಯ ‘ಖಾಣಾವಳ’ ನಮ್ಮ ಬಾಯಲ್ಲಿ ಖಾನಾವಳಿಯಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಬಂದ ಪರಸ್ಥಳದವರು ಮಧ್ಯಾಹ್ನದ ಹೊತ್ತು ಪೇಟೆಯಲ್ಲಿ ಮೊದಲು ಕೇಳುವುದು ಈ ಹೆಸರನ್ನೇ. ನಮ್ಮ ಕಡೆಗೆ ಹೋಟೆಲು ಬೇರೆ, ಖಾನಾವಳಿ ಬೇರೆ. ಹೋಟೆಲಿನಲ್ಲಿ ಚಹಾ, ಭಜಿ, ಮಿರ್ಚಿ, ಚುರುಮುರಿ; ಖಾನಾವಳಿಯಲ್ಲಿ ಊಟ. ಊಟವೆಂದರೆ ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಒಂದು ಕಾಳಿನ ಪಲ್ಲೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು, ಕಡೆಗೆ ಒಂದು ಹಿಡಿ ಅನ್ನ ಮತ್ತು ಸಾರು. ಅಂದರೆ ಮನೆಯಲ್ಲಿ ಉಣ್ಣುವುದೇ. ಮನೆಯಲ್ಲಿ ದೊರೆಯುವುದನ್ನು ಹಣ ಕೊಟ್ಟು ಉಣ್ಣಲು ಜನ ಏಕೆ ಹೋಗುತ್ತಾರೆ? ಈ ಪ್ರಶ್ನೆ ನನಗೆ ಹುಡುಗನಾಗಿದ್ದಾಗಲೇ ಬಂದಿತ್ತು.

ನಮ್ಮದು ಉಣ್ಣುವುದರಲ್ಲಿ ಆಸೆಯುಳ್ಳ ಮನೆತನ. ಐಶ್ವರ್ಯವಿರಲಿಲ್ಲ, ಆಸೆ ಇತ್ತು. ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ತಂದೆಯ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವರು, ಹೊರಗಿನ ಅನ್ನವನ್ನು ಮುಟ್ಟಿದವರಲ್ಲ. ಅನ್ನವನ್ನು ಇಕ್ಕಬೇಕು, ಮಾರಬಾರದು ಎಂಬುದು ಅವರ ಮಾತು. ಆದರೂ ಪಗಾರ ಕೈಗೆ ಬಂದ ದಿನ ಸಂಜೆ ತಂದೆಯವರು ಅವ್ವನನ್ನೂ ನಮ್ಮ ನಾಲ್ವರನ್ನೂ ಪೇಟೆಯ ಖಾನಾವಳಿಗೆ ಕರೆದೊಯ್ಯುತ್ತಿದ್ದರು. ಆಯಿ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ಹಿಂತಿರುಗಿ ಬಂದ ಮೇಲೆ ಮಾತ್ರ, ‘ಏನೇನ ಮಾಡಿದ್ರು?’ ಎಂದು ಒಂದೊಂದಾಗಿ ಕೇಳದೆ ಮಲಗುತ್ತಿರಲಿಲ್ಲ.

ಆ ಖಾನಾವಳಿಯಲ್ಲಿ ಅವ್ವ ಮಣೆಯ ಮೇಲೆ ಕುಳಿತು ಉಣ್ಣುವುದನ್ನು ನೋಡಿ ನನಗೆ ಆಶ್ಚರ್ಯವಾಗುತ್ತಿತ್ತು. ಮನೆಯಲ್ಲಿ ಅವಳು ಕುಳಿತು ಉಣ್ಣುವುದನ್ನು ನಾನು ಹೆಚ್ಚಾಗಿ ಕಂಡಿರಲಿಲ್ಲ. ರೊಟ್ಟಿಯ ಕೆಲಸವೇ ಅಂಥದು. ಅಕ್ಕಿಯಾದರೆ ಒಲೆಯ ಮೇಲಿಟ್ಟು ಎದ್ದು ಹೋಗಬಹುದು. ಜೋಳದ ಹಿಟ್ಟಿನಲ್ಲಿ ಗೋದಿಯ ಜಿಗುಟಿಲ್ಲ. ಎಸರು ನೀರು ಹಾಕಿ ಹದವಾಗಿ ನಾದಬೇಕು, ಅಂಗೈಯಿಂದ ಬಡಿದು ತೆಳ್ಳಗೆ ಮಾಡಬೇಕು, ಹಂಚಿಗೆ ಹಾಕಿದ ಕೂಡಲೆ ಮೇಲೆ ನೀರು ಸವರಬೇಕು, ತಿರುವಬೇಕು, ಕೆಂಡಕ್ಕೆ ಒಡ್ಡಿ ಉಬ್ಬಿಸಬೇಕು. ನಾದಿದ ಹಿಟ್ಟನ್ನು ಬಹಳ ಹೊತ್ತು ಇಟ್ಟರೆ ಬಿರಿಯುತ್ತದೆ. ಆದುದರಿಂದ ಬಡಿಯುವವಳು ಒಲೆ ಬಿಟ್ಟು ಏಳುವಂತಿಲ್ಲ. 9 ಜನರ ಮನೆ. ಒಂದು ಹೊತ್ತಿಗೆ 30 ರೊಟ್ಟಿಗೆ ಕಡಿಮೆಯಿಲ್ಲ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಆಯಿ. ಬುಟ್ಟಿಯಲ್ಲಿ ಉಳಿದ ಆರಿದ ರೊಟ್ಟಿ ಅವ್ವನ ಪಾಲು. ‘ನನಗ ಆರಿದ ರೊಟ್ಟೀನ ಸೇರತಾವು’ ಎನ್ನುತ್ತಿದ್ದಳು. ನಾವು ನಂಬಿದ್ದೆವು.

ಆಯಿಯ ಮಾತಿಗೆ ಹಿಂದೆ ದೊಡ್ಡ ಇತಿಹಾಸವಿದೆ. ಅನ್ನವನ್ನು ಕೊಡುವುದು ಧರ್ಮವೆಂಬ ಭಾವನೆ ಈ ಸೀಮೆಯಲ್ಲಿ ಆಳವಾಗಿ ಬೇರೂರಿದ್ದು. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರದಾನವೂ ಒಂದು. ರಬಕವಿಗೆ ಸಮೀಪದ ತೇರದಾಳದಲ್ಲಿ 12ನೆಯ ಶತಮಾನದಲ್ಲಿ ಗೊಂಕನು ಕಟ್ಟಿಸಿದ ಜಿನಾಲಯ ಪ್ರಸಿದ್ಧವಾಗಿದೆ. ಅದೇ ಶತಮಾನದಲ್ಲಿ ಬಸವಾದಿ ಶರಣರು ದಾಸೋಹವನ್ನು ಬದುಕಿನ ಮಾರ್ಗವೆಂದು ಸಾರಿದರು. ದೂರ ಹೋಗುವವನು ಬಿಳಿಯ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ. ಬುತ್ತಿ ತೀರಿದರೆ ಮಠವಿತ್ತು, ಛತ್ರವಿತ್ತು, ನೆಂಟರ ಮನೆಯಿತ್ತು. ಖಡಕ್ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ಇಷ್ಟಿದ್ದರೆ ನಾಲ್ಕು ದಿನದ ದಾರಿಗೆ ಸಾಕು.

ಮುಧೋಳದ ಗೆಳೆಯರೊಬ್ಬರು ತಮ್ಮ ಊರಿನ ರನ್ನಕವಿಯೂ ಈ ಬುತ್ತಿಯನ್ನೇ ಉಂಡು ಬೆಳೆದವನೆಂದು ವಾದಿಸುತ್ತಾರೆ. 949ರಲ್ಲಿ ಹುಟ್ಟಿದ ರನ್ನನದು ಬಳೆಗಾರರ ಮನೆತನ, ಊರೂರು ತಿರುಗುವ ಕಸುಬು, ಬುತ್ತಿ ಕಟ್ಟಿರಲೇಬೇಕು. ಒಪ್ಪೋಣ. ಆದರೆ ಆ ಬುತ್ತಿಯಲ್ಲಿ ಶೇಂಗಾ ಹಿಂಡಿ ಇರಲಾರದು, ಕೆಂಪು ಖಾರವಂತೂ ಇರಲೇ ಇಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ತುಗೀಜರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ಅದೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ ಮೂರನೆಯ ಮಂಗರಸನಿಗೆ ಖಾರವೆಂದರೆ ಕರಿಮೆಣಸೇ. ಶೇಂಗಾ ಕೂಡ ದಕ್ಷಿಣ ಅಮೆರಿಕದ ಮೂಲದ್ದು; ನಮ್ಮ ಹೊಲಗಳಿಗೆ ದೊಡ್ಡ ಬೆಳೆಯಾಗಿ ಇಳಿದು ಬಹಳ ತಲೆಮಾರುಗಳೇನೂ ಆಗಿಲ್ಲ. ನಾವು ‘ಹಿಂದಿನಿಂದ ಬಂದದ್ದು’ ಎನ್ನುವ ತಾಟಿನಲ್ಲಿ ಅರ್ಧ ಪರದೇಶದ್ದು. ಜೋಳವೇ ಆಫ್ರಿಕದಿಂದ ಬಂದದ್ದು, ಆದರೆ ಅದು ಸಾವಿರಾರು ವರ್ಷಗಳ ಹಿಂದಿನ ಮಾತು. ಅಷ್ಟು ಕಾಲ ಬಾಳಿದವನನ್ನು ಪರಕೀಯನೆನ್ನುವುದು ಅನ್ಯಾಯ.

ಇದರ ಇನ್ನೊಂದು ಮಗ್ಗುಲು ಇನ್ನೂ ವಿನೋದವಾದುದು. ಉಡುಪಿಯ ಕಡೆಯವರು ಬಂದು ಹೋಟೆಲು ತೆರೆದಾಗ ಆಯಿಯಂಥವರು ಇಡ್ಲಿಯನ್ನು ‘ತೆಂಕಣದವರ ತಿನಿಸು’ ಎಂದು ಮೂಗು ಮುರಿದರು. ಆದರೆ ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಬಗೆಯಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಇದೆ. ಆಗಿನದು ಉದ್ದಿನ ಹಿಟ್ಟಿನದು, ಅಕ್ಕಿ ಸೇರದ್ದು, ಅದಿರಲಿ. ಉತ್ತರದ ಕನ್ನಡಿಗ ಮರೆತ ತಿಂಡಿಯನ್ನು ಕರಾವಳಿಯವರು ಮರಳಿ ತಂದುಕೊಟ್ಟರೆಂದು ಹೇಳಿದರೆ ಆಯಿ ನನ್ನನ್ನು ನಂಬುತ್ತಿರಲಿಲ್ಲ.

ಹಾಗಾದರೆ ಅನ್ನ ಮಾರುವುದು ನಮ್ಮಲ್ಲಿ ಹೇಗೆ ಬೆಳೆಯಿತು? ಒಂದು ಕಾರಣ ಸರಕಾರಗಳ ಗಡಿ. ಈ ನಾಲ್ಕು ಊರುಗಳು ಇಂದು ಬಾಗಲಕೋಟೆ ಜಿಲ್ಲೆಯಲ್ಲಿವೆ. ಆ ಜಿಲ್ಲೆ ಆದದ್ದು 1997ರಲ್ಲಿ. 1948ಕ್ಕೆ ಮುಂಚೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯ ಭಾಗ. ಇಂದು ಒಂದೇ ಪೇಟೆಯಂತಿರುವ ರಬಕವಿ-ಬನಹಟ್ಟಿಗಳಲ್ಲಿ ಬನಹಟ್ಟಿ ಜಮಖಂಡಿಗೆ ಸೇರಿತ್ತು, ರಬಕವಿ ಸಾಂಗಲಿಗೆ. ಹತ್ತಿರ ಹತ್ತಿರದ ಊರಿಗೆ ಬೇರೆ ಬೇರೆ ಕಚೇರಿ. ಕೋರ್ಟಿನ ಕೆಲಸಕ್ಕೆ ರಾಜಧಾನಿಗೆ ಬಂದ ರೈತ ಒಂದೇ ದಿನದಲ್ಲಿ ಹಿಂತಿರುಗುವಂತಿರಲಿಲ್ಲ. ಜಮಖಂಡಿಗೆ ಆಗ ರೈಲು ಇರಲಿಲ್ಲ. ಕುಡಚಿಗೋ ಬಾಗಲಕೋಟೆಗೋ ಬಂಡಿಯಲ್ಲಿ ಹೋಗಬೇಕು. ಪ್ರತಿಸಲವೂ ನೆಂಟರ ಮನೆಯಲ್ಲಿ ಉಣ್ಣುವುದು ಯಾರಿಗೂ ಶೋಭಿಸದು. ಓದಲು ಬಂದ ಹುಡುಗರ ಪಾಡು ಬೇರೆ. ತತ್ತ್ವಜ್ಞಾನಿ ಗುರುದೇವ ರಾನಡೆಯವರು ಜಮಖಂಡಿಯವರು, ಓದಿದ್ದೂ ಅಲ್ಲಿಯ ಪರಶುರಾಮಭಾವೂ ಹೈಸ್ಕೂಲಿನಲ್ಲಿ. ಮುಂದೆ ಮೈಸೂರಿನ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದ ಬಿ. ಡಿ. ಜತ್ತಿಯವರು ಇದೇ ತಾಲೂಕಿನ ಸಾವಳಗಿಯವರು. ಇಂಥ ವಿದ್ಯೆಯ ಆಸೆಯಿಂದ ಹಳ್ಳಿಯ ಬಡ ಹುಡುಗರೂ ಬರುತ್ತಿದ್ದರು. ಅಂದಿನ ಬಡ ವಿದ್ಯಾರ್ಥಿಗೆ ದಾರಿ ವಾರಾನ್ನ, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ವಾರಾನ್ನ ಉಂಡವರು ಅದರ ಉಪಕಾರವನ್ನೂ ಮರೆಯಲಿಲ್ಲ, ಆ ಮನೆಗಳ ಬಾಗಿಲಲ್ಲಿ ಕಾಯ್ದು ನಿಂತ ಸಂಕೋಚವನ್ನೂ ಮರೆಯಲಿಲ್ಲ. ತಿಂಗಳಿಗೆ ಇಷ್ಟೆಂದು ಹಣ ಕೊಟ್ಟು ಉಂಡರೆ ತಲೆ ತಗ್ಗಿಸಬೇಕಿಲ್ಲ. ಖಾನಾವಳಿ ಈ ಸ್ವಾತಂತ್ರ್ಯವನ್ನು ಕೊಟ್ಟಿತು ಎಂದು ನನಗೆ ತೋರುತ್ತದೆ.

ಎರಡನೆಯ ಕಾರಣ ಬರಗಾಲ. 1876ರಿಂದ 1878ರ ವರೆಗಿನ ಬರದಲ್ಲಿ ಮುಂಬಯಿ ಇಲಾಖೆಯಲ್ಲಿಯೇ ಅತ್ಯಂತ ನೊಂದ ಜಿಲ್ಲೆ ನಮ್ಮದು. ಆಗ ಅದರ ಹೆಸರು ಕಲಾದಗಿ ಜಿಲ್ಲೆ. 1872ರಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಗೆ 6 ಲಕ್ಷ ಚಿಲ್ಲರೆಗೆ ಇಳಿದಿತ್ತು. ಸತ್ತವರು ಸತ್ತರು, ಉಳಿದವರಲ್ಲಿ ಎಷ್ಟೋ ಜನ ಊರು ಬಿಟ್ಟರು. ಬರದಲ್ಲಿ ರೈತನಿಗಿಂತ ಮೊದಲು ಕೆಡುವವನು ನೇಕಾರ. ಹೊಟ್ಟೆಗಿಲ್ಲದಾಗ ಸೀರೆಯನ್ನು ಯಾರು ಕೊಳ್ಳುತ್ತಾರೆ? ಇಂಥ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಬಳಿ ಉಳಿಯುವ ವಿದ್ಯೆ ಒಂದೇ, ರೊಟ್ಟಿ ಬಡಿಯುವುದು. ನನ್ನ ಬಾಲ್ಯದಲ್ಲಿ ನಾನು ಕಂಡ ಖಾನಾವಳಿಗಳಲ್ಲಿ ಹಲವು ಇಂಥ ತಾಯಂದಿರವೇ. ಮುಂದೆ ಗಲ್ಲೆಯ ಮೇಲೆ ಅಣ್ಣನೋ ಅಳಿಯನೋ ಕೂತಿರುತ್ತಿದ್ದ. ಒಳಗೆ ಒಲೆಯ ಮುಂದೆ ಅವರು. ಮುಂಬಯಿಯ ಗಿರಣಿ ಕೆಲಸಗಾರರಿಗೆ ಊಟ ಹಾಕುತ್ತಿದ್ದ ಖಾಣಾವಳದ ಹೆಂಗಸರ ಬಾಳೂ ಹೀಗೆಯೇ ಇತ್ತು. 1975ರಲ್ಲಿ ಪ್ರೇಮಾ ಪುರವ ಅವರು ಅಂಥವರನ್ನು ಒಂದುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು.

ಖಾನಾವಳಿಯನ್ನು ಬರಿದೆ ಹೊಗಳಿ ಮುಗಿಸಲಾಗದು. ಫಲಕದ ಮೇಲೆ ಜಾತಿಯ ಹೆಸರು ಬರೆದ ಖಾನಾವಳಿಗಳು ನಮ್ಮ ಸೀಮೆಯಲ್ಲಿ ಬಹಳ. ಶಾಕಾಹಾರವೆಂದು ತಿಳಿಸಲು ಹಾಗೆ ಬರೆಯುತ್ತಾರೆಂದು ಸಮಾಧಾನ ಹೇಳುವವರುಂಟು. ಆದರೆ ಒಳಗೆ ಯಾರು ಬರಬಹುದು, ಯಾರು ಹೊರಗೆ ನಿಂತು ಕಟ್ಟಿಸಿಕೊಳ್ಳಬೇಕು ಎಂಬುದನ್ನೂ ಆ ಅಕ್ಷರಗಳು ಹೇಳುತ್ತಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಊಟದ ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆಯುವವನಿಗೆ ಶಿಕ್ಷೆ ಗೊತ್ತುಮಾಡಿತು. ಆ ಮೇಲೂ ಕೆಲವೆಡೆ ಬೇರೆ ಕಪ್ಪು-ಬಸಿಗಳು ಗೋಡೆಯ ಗೂಟದಲ್ಲಿ ತೂಗಿದ್ದನ್ನು ನನ್ನ ತಲೆಮಾರಿನವರೂ ಕಂಡಿದ್ದೇವೆ. ಆಯಿ ಅನ್ನ ಮಾರಬಾರದು ಎಂದಾಗ ಅದರಲ್ಲಿ ದಾಸೋಹದ ಮಾತೂ ಇತ್ತು, ಯಾರು ಬೇಯಿಸಿದರೋ ಎಂಬ ಅಳುಕೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಬಹಳ ವರ್ಷ ಬೇಕಾದವು.

ಮನೆಯ ಅಡಿಗೆಯೂ ಇದ್ದಂತೆ ಇಲ್ಲ. 1989ರಲ್ಲಿ ಜಮಖಂಡಿಯ ಬಳಿ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. ಮುಧೋಳದ ಕಡೆಗೆ ಘಟಪ್ರಭೆಯ ನೀರಿನಲ್ಲಿ ಕಬ್ಬು, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಬೀಳಗಿ ತಾಲೂಕಿನ ಹೊಳೆಸಾಲಿನ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂಥ ಬದನೆ ಬೆಳೆಯುತ್ತಿದ್ದ ರೇವೆ ಮಣ್ಣೂ ಅದರೊಡನೆ ಹೋಯಿತು. ಹೀಗಾಗಿ ನೀರಾವರಿ ಭೂಮಿಯವರು ಬಿಳಿಜೋಳವನ್ನು ಪೇಟೆಯಲ್ಲಿ ಕೊಳ್ಳುತ್ತಾರೆ. 2013ರ ಅನ್ನಭಾಗ್ಯದ ಮೇಲೆ ಅಕ್ಕಿ ಬಡವನ ಮನೆಯನ್ನೂ ಹೊಕ್ಕಿತು. ಅದು ಒಳ್ಳೆಯದೇ ಆಯಿತು. ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದ ಮನೆಗಳಲ್ಲಿ ಈಗ ದಿನವೂ ಅನ್ನ, ಬಿಸಿ ರೊಟ್ಟಿಗೆ ಖಾನಾವಳಿ. ನನ್ನ ಮೊದಲಿನ ಪ್ರಶ್ನೆಯ ಅರ್ಧ ಉತ್ತರ ಇಲ್ಲಿದೆ.

ಉಳಿದ ಅರ್ಧ ತಿಳಿದದ್ದು ಕಳೆದ ಶ್ರಾವಣದಲ್ಲಿ. ಅವ್ವನಿಗೆ ಈಗ ಎಂಬತ್ತರ ಹತ್ತಿರ. ಅವಳನ್ನೂ ನನ್ನ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಒಂದು ಖಾನಾವಳಿಗೆ ಹೋಗಿದ್ದೆ. ಹಂಚಿನಿಂದ ಇಳಿದ ರೊಟ್ಟಿ ನೇರವಾಗಿ ತಾಟಿಗೆ ಬಂತು. ಅವ್ವ ಅದನ್ನು ಎರಡು ಕೈಯಿಂದ ಮುರಿದು, ಹಬೆ ಆರುವ ಮುಂಚೆ ಬೆಣ್ಣೆ ಹಚ್ಚಿಕೊಂಡು, ಯಾರೊಡನೆಯೂ ಮಾತಾಡದೆ ಎರಡು ರೊಟ್ಟಿ ಉಂಡಳು. ಕೈ ತೊಳೆದು ಒಳಬಾಗಿಲ ತನಕ ಹೋದಳು. ಅಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಬೆವರುತ್ತ ರೊಟ್ಟಿ ಬಡಿಯುತ್ತಿದ್ದಳು.

‘ನಿಂದ ಊಟ ಆತೇನ ತಂಗಿ?’

‘ಇನ್ನೂ ಇಲ್ಲರಿ ಯವ್ವಾ. ಮಂದಿ ಮುಗೀಲಿ. ನನಗ ಆರಿದ ರೊಟ್ಟೀನ ಸೇರತಾವು.’

ಅವ್ವ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಳು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: ‘ಸುಳ್ಳ ಹೇಳತಾಳ ನೋಡು.’