ನೋಟದ ಜಿಗಿತ ಮತ್ತು ಗಮನ: ಎರಡೂ ಒಂದೇ ಎಂಬ ವಾದದ ಮರುಪರಿಶೀಲನೆ

ಕಣ್ಣಿಗೆ ಬಿದ್ದದ್ದೆಲ್ಲ ಒಂದೇ ಸ್ಪಷ್ಟತೆಯಲ್ಲಿ ಕಾಣುವುದಿಲ್ಲ. ಅಕ್ಷಿಪಟಲದ ನಡುವಿರುವ ಫೋವಿಯಾ ಎಂಬ ಸಣ್ಣ ತಗ್ಗಿನ ಮೇಲೆ ಬಿದ್ದ ಬಿಂಬ ಮಾತ್ರ ನಿಚ್ಚಳ. ಅದು ಆವರಿಸುವುದು ದೃಷ್ಟಿಕ್ಷೇತ್ರದ ಒಂದೆರಡು ಡಿಗ್ರಿಯಷ್ಟನ್ನೇ. ಈ ಕೊರತೆ ತುಂಬಲು ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತದೆ. ಸ್ಯಾಕೇಡ್ ಎನಿಸಿಕೊಂಡ ಈ ಜಿಗಿತದ ಸಿದ್ಧತೆಗೆ ಸುಮಾರು 200 ಮಿಲಿಸೆಕೆಂಡು ಬೇಕು. ಜಿಗಿತ ಮುಗಿಯಲು ಅದರ ಸಣ್ಣದೊಂದು ಪಾಲು ಸಾಕು.

ಜಿಗಿತದ ಆಜ್ಞೆ ಸಾಗುವ ದಾರಿ ಬಹುಮಟ್ಟಿಗೆ ನಿರ್ವಿವಾದ. ನಡುಮೆದುಳಿನ ಸುಪೀರಿಯರ್ ಕಾಲಿಕ್ಯುಲಸ್‌ನಲ್ಲಿ ದೃಷ್ಟಿಕ್ಷೇತ್ರದ ನಕ್ಷೆಯೇ ಇದೆ. ನಕ್ಷೆಯ ಯಾವ ಭಾಗದ ನರಕೋಶಗಳು ಮಿಡಿಯುತ್ತವೆಯೋ ಆ ಕಡೆಗೆ ಕಣ್ಣು ಹೊರಳುತ್ತದೆ. ಮೆದುಳಿನ ಹಣೆಭಾಗದ ಫ್ರಾಂಟಲ್ ಐ ಫೀಲ್ಡ್ ಮತ್ತು ಪರೈಟಲ್ ಭಾಗದ ಒಂದು ವಲಯ ಅದಕ್ಕೆ ಸಂದೇಶ ಕಳಿಸುತ್ತವೆ. ಅಲ್ಲಿಂದ ಆಜ್ಞೆ ಮೆದುಳುಕಾಂಡಕ್ಕಿಳಿದು ಪ್ರತಿ ಕಣ್ಣಿನ ಆರು ಸ್ನಾಯುಗಳನ್ನು ತಲುಪುತ್ತದೆ. ಗಮನಕ್ಕಾದರೆ ಈ ಜಿಗಿತ ಬೇಕೇಬೇಕೆಂದಿಲ್ಲ: ಕಣ್ಣು ಕದಲಿಸದೆಯೂ ಅದನ್ನು ಬೇರೆಡೆ ಹರಿಸಬಹುದೆಂದು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಗುರುತಿಸಿದ್ದರು. 1980ರಲ್ಲಿ ಮೈಕೆಲ್ ಪೋಸ್ನರ್ ಅದನ್ನು ಅಳೆಯುವ ವಿಧಾನವನ್ನು ನೆಲೆಗೊಳಿಸಿದರು.

ಭಿನ್ನಮತ ಶುರುವಾಗುವುದು ಇಲ್ಲಿಂದಾಚೆಗೆ. 1987ರಲ್ಲಿ ಇಟಲಿಯ ಜಾಕೊಮೊ ರಿಝೊಲಾಟ್ಟಿ ಮತ್ತು ಸಂಗಡಿಗರು, ಗಮನಕ್ಕೆಂದೇ ಬೇರೆ ವ್ಯವಸ್ಥೆ ಇಲ್ಲ, ನೋಟದ ಜಿಗಿತಕ್ಕೆ ನಡೆಯುವ ಸಿದ್ಧತೆಯೇ ಗಮನ ಎಂದು ವಾದಿಸಿದರು. ಪ್ರೀಮೋಟರ್ ಸಿದ್ಧಾಂತವೆಂದು ಹೆಸರಾದ ಈ ವಾದಕ್ಕೆ 1996ರಲ್ಲಿ ಡಾಯ್ಬೆಲ್ ಮತ್ತು ಶ್ನೈಡರ್ ಅವರ ಪ್ರಯೋಗ ಬಲ ತಂದಿತು: ಕಣ್ಣು ಇನ್ನೂ ಕದಲದಿದ್ದರೂ ಅದು ಜಿಗಿಯಲಿರುವ ಜಾಗದ ಆಕಾರವನ್ನು ಜನ ಉಳಿದೆಡೆಗಿಂತ ಚೆನ್ನಾಗಿ ಗುರುತಿಸಿದರು. ಟಿರಿನ್ ಮೂರ್ ಮತ್ತು ಕ್ಯಾಥರೀನ್ ಆರ್ಮ್‌ಸ್ಟ್ರಾಂಗ್ 2003ರಲ್ಲಿ, ಮಂಗಗಳ ಫ್ರಾಂಟಲ್ ಐ ಫೀಲ್ಡನ್ನು ಕಣ್ಣು ಕದಲದಷ್ಟು ಸೌಮ್ಯ ವಿದ್ಯುತ್ತಿನಿಂದ ಪ್ರಚೋದಿಸಿದಾಗ ದೃಷ್ಟಿವಲಯ ವಿ4ರ ನರಕೋಶಗಳ ಸ್ಪಂದನ ಹೆಚ್ಚಿದ್ದನ್ನು ತೋರಿಸಿದರು.

ಆದರೆ ಸಿದ್ಧಾಂತದ ಒಂದು ಬಿರುಕು ಅದೇ ಫ್ರಾಂಟಲ್ ಐ ಫೀಲ್ಡಿನಲ್ಲಿ ಅದಕ್ಕೂ ಮೊದಲೇ ಕಾಣಿಸಿತ್ತು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಆದಿತ್ಯ ಮೂರ್ತಿ, ಕರ್ಕ್ ಥಾಂಪ್ಸನ್ ಮತ್ತು ಜೆಫ್ರಿ ಶಾಲ್ ಅವರೊಡನೆ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಗ ಹುಡುಕುತ್ತಿದ್ದ ಗುರಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ಬೇರೊಂದು ಆಕೃತಿಯೊಡನೆ ಜಾಗ ಅದಲುಬದಲು ಮಾಡಿಕೊಳ್ಳುತ್ತಿತ್ತು. ಕಣ್ಣು ತಪ್ಪು ಜಾಗಕ್ಕೆ ಜಿಗಿದಾಗಲೂ ಅಲ್ಲಿನ ದೃಷ್ಟಿಸಂಬಂಧಿ ನರಕೋಶಗಳು ಗುರಿಯ ಹೊಸ ಜಾಗವನ್ನೇ ಆಯ್ದಿದ್ದವು. ಆಯ್ಕೆಯೇ ಆಜ್ಞೆಯಲ್ಲ ಎಂದಂತಾಯಿತು. ಆದರೂ ಸಿದ್ಧಾಂತದ ಒಂದು ಕಂಬ ಗಟ್ಟಿಯಾಗಿಯೇ ಉಳಿಯಿತು: ಆಯ್ಕೆ ಜಿಗಿತವಿಲ್ಲದೆಯೂ ನಡೆಯಬಹುದು, ಆದರೆ ಜಿಗಿತಕ್ಕೆ ಸಿದ್ಧವಾದಾಗಲೆಲ್ಲ ಗಮನ ಅಲ್ಲಿಗೆ ಹೋಗಿಯೇ ತೀರುತ್ತದೆ ಎಂಬ ಮಾತು.

ಈ ಮಾತನ್ನು ಪರೀಕ್ಷಿಸುವ ಮುನ್ನ ಗಮನ ಎಂಬುದನ್ನೇ ಬಿಡಿಸಿ ನೋಡಬೇಕು. ಮುಸ್ಸಂಜೆಯಲ್ಲಿ ದೇವದುರ್ಗದಿಂದ ರಾಯಚೂರಿಗೆ ಹೊರಟ ಬಸ್ಸಿನ ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರ್ ಹೋಗುತ್ತಿದೆ, ಟ್ರೇಲರ್ ಹಿಂದೆ ದೀಪವಿಲ್ಲ ಎನ್ನೋಣ. ಟ್ರೇಲರ್ ನಿಜಕ್ಕೂ ನಿಧಾನಿಸಿದ್ದನ್ನು ಚಾಲಕ ಥಟ್ಟನೆ ಹಿಡಿಯುವುದು ಒಂದು ಬಗೆ. ನೆರಳಾಡಿದರೂ ಬ್ರೇಕ್ ಒತ್ತುವುದು ಇನ್ನೊಂದು. ನೋಡುವವರಿಗೆ ಎರಡೂ ಎಚ್ಚರವೇ. ಸಂಕೇತ ಪತ್ತೆ ಸಿದ್ಧಾಂತ ಇವನ್ನು ಬೇರೆಬೇರೆಯಾಗಿ ಅಳೆಯುತ್ತದೆ: ಮೊದಲನೆಯದು ಗ್ರಹಿಕೆಯ ಸೂಕ್ಷ್ಮತೆ, ಎರಡನೆಯದು ನಿರ್ಧಾರದ ಒಲವು. ಹಳೆಯ ಪ್ರಯೋಗಗಳಲ್ಲಿ ಹಲವು ಇವೆರಡನ್ನು ಬೇರ್ಪಡಿಸದೆ ಒಟ್ಟು ಫಲವನ್ನೇ ಗಮನವೆಂದು ಎಣಿಸಿದ್ದವು.

ಪ್ರಿಯಾಂಕಾ ಗುಪ್ತಾ ಮತ್ತು ದೇವರಾಜನ್ ಶ್ರೀಧರನ್ ಭಾರತೀಯ ವಿಜ್ಞಾನ ಸಂಸ್ಥೆಯಿಂದ 2024ರಲ್ಲಿ 'ಪಿಎಲ್ಒಎಸ್ ಬಯಾಲಜಿ'ಯಲ್ಲಿ ಪ್ರಕಟಿಸಿದ ಅಧ್ಯಯನ ಇವನ್ನು ಬೇರ್ಪಡಿಸಿತು. ಪರದೆಯ ಮೇಲೆ ಚಿತ್ರಗಳು ಒಂದರ ನಂತರ ಒಂದರಂತೆ ಎರಡು ಬಾರಿ ಮೂಡುತ್ತವೆ. ಕಣ್ಣು ಒಂದು ಕಡೆಗೆ ಜಿಗಿಯಲು ಸಜ್ಜಾಗಿರುವಾಗಲೇ, ಎಲ್ಲಿ ಬದಲಾವಣೆಯಾಯಿತೆಂದು ಪತ್ತೆ ಮಾಡಬೇಕು. ಜಿಗಿತದ ಗುರಿಯಲ್ಲಿ ಬದಲಾವಣೆ ಹಿಡಿಯುವ ಸೂಕ್ಷ್ಮತೆ ಹೆಚ್ಚಲಿಲ್ಲ. ಅಲ್ಲಿಯೇ ಬದಲಾಯಿತು ಎನ್ನುವ ಒಲವು ಮಾತ್ರ ತಪ್ಪದೆ ಹೆಚ್ಚಿತು. ಮುಂದಿನ ಪ್ರಯೋಗಗಳು ಕಾರಣವನ್ನೂ ಹೊರಗೆಡವಿದವು: ಗುರಿಯ ಜಾಗದಲ್ಲಿ ಗ್ರಹಿಕೆ ಎರಡು ಚಿತ್ರಗಳ ಪೈಕಿ ಕೊನೆಯದರತ್ತ ವಾಲುತ್ತದೆ, ಅದರ ಮಟ್ಟಿಗಷ್ಟೇ ನಿಖರವಾಗುತ್ತದೆ. ಬದಲಾವಣೆ ಹಿಡಿಯಲು ಹಳೆಯದೂ ಹೊಸದೂ ಎರಡೂ ಬೇಕು. ಹೊಸದೊಂದೇ ಹೊಳಪಾದರೆ ಹೋಲಿಕೆ ಕೆಡುತ್ತದೆ.

ಇದರಿಂದ ಪ್ರೀಮೋಟರ್ ಸಿದ್ಧಾಂತ ಬಿದ್ದೇಹೋಯಿತು ಎನ್ನಲಾಗದು. ಕೊನೆಯ ಚಿತ್ರದ ನಿಖರತೆ ಹೆಚ್ಚುವುದೂ ಗ್ರಹಿಕೆಯ ಲಾಭವೇ ಎಂದು ಅದರ ಸಮರ್ಥಕರು ಹೇಳಬಹುದು, ಆ ಮಾತಿನಲ್ಲಿ ಹುರುಳಿದೆ. ಡಾಯ್ಬೆಲ್ ಮತ್ತು ಶ್ನೈಡರ್ ಅವರ ಫಲಿತಾಂಶವೂ ಹಾಗೆಯೇ ಉಳಿಯುತ್ತದೆ. ಇಲ್ಲಿ ಮಂಡಿಸಬಹುದಾದ ವಾದ ಇನ್ನೂ ಕಿರಿದು: ಜಿಗಿತದ ಸಿದ್ಧತೆ ಗುರಿಯ ಜಾಗಕ್ಕೆ ಆದ್ಯತೆ ತರುತ್ತದೆ, ಆದರೆ ಆ ಆದ್ಯತೆ ಹೆಚ್ಚು ಸೂಕ್ಷ್ಮವಾದ ನೋಟವಾಗಿ ಮಾರ್ಪಡುವುದು ಕೆಲಸದ ಬಗೆಯನ್ನು ಅವಲಂಬಿಸಿರಬಹುದು.

ಮೆದುಳಿನಲ್ಲೂ ಇಂಥ ವಿಭಜನೆ ಇರಬಹುದೆಂಬುದಕ್ಕೆ ಎರಡು ಸುಳಿವುಗಳಿವೆ. ಶ್ರೀಧರನ್ ಅವರು ಟಿರಿನ್ ಮೂರ್ ಅವರನ್ನೂ ಒಳಗೊಂಡ ತಂಡದೊಡನೆ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಸುಪೀರಿಯರ್ ಕಾಲಿಕ್ಯುಲಸ್ ಮುಖ್ಯವಾಗಿ ಒಲವನ್ನು ನಿಯಂತ್ರಿಸುತ್ತದೆ ಎಂಬ ನಿಲುವಿನತ್ತ ವಾಲಿತು. 2019ರಲ್ಲಿ ವರ್ಷಾ ಶ್ರೀನಿವಾಸನ್ ಮತ್ತು ಶ್ರೀಧರನ್ ಮಾನವರ ಎಂಆರ್‌ಐ ಅಧ್ಯಯನದಲ್ಲಿ, ಕಾಲಿಕ್ಯುಲಸ್ ಮತ್ತು ಮೆದುಳಿನ ಹೊರಪದರದ ನಡುವಿನ ನರತಂತುಗಳ ಸಂಪರ್ಕ ಒಲವಿನೊಡನೆ ತಾಳೆಯಾಗುವುದನ್ನೂ ಸೂಕ್ಷ್ಮತೆಯೊಡನೆ ತಾಳೆಯಾಗದಿರುವುದನ್ನೂ ಕಂಡರು. ಹಾಗಾದರೆ ಕಾಲಿಕ್ಯುಲಸ್ ಒಲವಿನ ಪಾಲನ್ನೂ ಫ್ರಾಂಟಲ್ ಐ ಫೀಲ್ಡ್ ವಿ4ರ ಮೂಲಕ ಸೂಕ್ಷ್ಮತೆಯ ಪಾಲನ್ನೂ ಹೊರುತ್ತಿರಬಹುದು. ಇದು ಸದ್ಯಕ್ಕೆ ಊಹೆ ಮಾತ್ರ. ಎಂಆರ್‌ಐ ತೋರಿಸುವುದು ಸಹಸಂಬಂಧವನ್ನು, ಕಾರಣವನ್ನಲ್ಲ. ವಿದ್ಯುತ್ ಪ್ರಚೋದನೆಯ ಪುರಾವೆ ಮಂಗಗಳದ್ದು. 2024ರ ಪ್ರಯೋಗ ಅಳೆದದ್ದು ವರ್ತನೆಯನ್ನು, ನರಕೋಶಗಳನ್ನಲ್ಲ.

ತೀರ್ಮಾನಿಸಬಹುದಾದದ್ದು ಇಷ್ಟು: ನೋಟದ ಜಿಗಿತಕ್ಕೂ ಗಮನಕ್ಕೂ ನಂಟು ನಿಜ, ಆದರೆ ಎರಡೂ ಒಂದೇ ಎಂಬ ಸಮೀಕರಣ ಸಡಿಲವಾಗಿದೆ. ಇಬ್ಬಗೆಯ ಫಲಗಳನ್ನು ಬೇರ್ಪಡಿಸುವ ಅಳತೆ ನಡೆಯುವಾಗಲೇ ಎರಡೂ ವಲಯಗಳ ನರಕೋಶಗಳನ್ನು ಒಟ್ಟಿಗೆ ದಾಖಲಿಸಿದರೆ ಮೇಲಿನ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿದೀತು. ಕ್ಷಣಕ್ಷಣಕ್ಕೂ ಬದಲಾಗುವ ರಸ್ತೆಯಂಥ ಕಡೆ ಈ ಫಲಿತಾಂಶ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಯೂ ಪರೀಕ್ಷೆಗೆ ಕಾದಿದೆ.